ಅಳಿಸುವ ಅಧಿಕಾರ ಯಾರದು?
ಮಾಸ್ಟೊಡಾನ್‌ನಂಥ ವಿಕೇಂದ್ರಿತ ಜಾಲಗಳಲ್ಲಿ ಪೋಸ್ಟ್ ಡಿಲೀಟ್ ಮಾಡಿದ ಮೇಲೂ ಅದರ ನಕಲು ಬೇರೆಲ್ಲೋ ಉಳಿದಿರಬಹುದು. ಇದನ್ನು ತಂತ್ರಜ್ಞಾನದ ಕೊರತೆ ಎಂದು ದೂರುವವರು ಯೂಸ್‌ನೆಟ್‌ನ ಚರಿತ್ರೆಯನ್ನು ಒಮ್ಮೆ ನೋಡಬೇಕು. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಕಲ್ಪಿಸಿದ ಈ ಜಾಲಕ್ಕೆ ಯಜಮಾನನೇ ಇರಲಿಲ್ಲ. ಒಂದು ಕಂಪ್ಯೂಟರಿನಲ್ಲಿ ಬರೆದದ್ದು ಮತ್ತೊಂದಕ್ಕೆ, ಅಲ್ಲಿಂದ ಮಗದೊಂದಕ್ಕೆ ನಕಲಾಗುತ್ತ ಹೋಗುತ್ತಿತ್ತು. ಬರೆದವರು ಮನಸ್ಸು ಬದಲಿಸಿದರೆ ‘ಕ್ಯಾನ್ಸಲ್’ ಸಂದೇಶವೊಂದು ಅದೇ ಹಾದಿ ಹಿಡಿದು ಹೋಗಿ ನಕಲುಗಳನ್ನು ಅಳಿಸುತ್ತಿತ್ತು. ಕಷ್ಟವೆಂದರೆ, ಆ ಸಂದೇಶ ಕಳಿಸಿದವರು ಯಾರೆಂದು ಪರೀಕ್ಷಿಸುವ ಗಟ್ಟಿ ಏರ್ಪಾಡು ಇರಲಿಲ್ಲ. ಬರೆದವರ ಹೆಸರು ಹಾಕಿಕೊಂಡು ಯಾರು ಬೇಕಾದರೂ ಯಾರ ಮಾತನ್ನಾದರೂ ಅಳಿಸಬಹುದಿತ್ತು. 1994ರಲ್ಲಿ ಅರಿಜೋನಾದ ಇಬ್ಬರು ವಕೀಲರು ಗ್ರೀನ್ ಕಾರ್ಡ್ ಜಾಹೀರಾತನ್ನು ಯೂಸ್‌ನೆಟ್‌ನ ಸಾವಿರಾರು ಚರ್ಚಾ ಗುಂಪುಗಳಿಗೆ ಸುರಿದಾಗ ಈ ಸಡಿಲವೇ ವರವಾಯಿತು. ಕಸ ಗುಡಿಸಲು, ಕ್ಯಾನ್ಸಲ್ ಸಂದೇಶಗಳನ್ನು ತಾವಾಗಿಯೇ ಕಳಿಸುವ ಬಾಟ್‌ಗಳು ಬಂದವು. ಆದರೆ ಅದೇ ಹೊತ್ತಿಗೆ ಸೈಂಟಾಲಜಿ ಪಂಥದ ಟೀಕಾಕಾರರ ಬರಹಗಳೂ ಅದೇ ಉಪಾಯದಿಂದ ಮಾಯವಾಗತೊಡಗಿದವು. 1995ರ ಜನವರಿಯಲ್ಲಿ ಪಂಥದ ವಕೀಲೆಯೊಬ್ಬರು ಪಂಥದ ಕುರಿತ ಇಡೀ ಚರ್ಚಾ ಗುಂಪನ್ನೇ ತೆಗೆದುಹಾಕುವಂತೆ ಸಂದೇಶ ಕಳಿಸಿದರು. ಗುಂಪು ಅಳಿಯಲಿಲ್ಲ, ಬದಲಿಗೆ ಇನ್ನಷ್ಟು ಪ್ರಸಿದ್ಧವಾಯಿತು. ಇಂಥ ಅನುಭವಗಳಾದ ಮೇಲೆ ಅನೇಕ ಸರ್ವರ್‌ಗಳ ನಿರ್ವಾಹಕರು ಕ್ಯಾನ್ಸಲ್ ಸಂದೇಶಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದಾದರು. ಹೀಗೆ ಅಳಿಸುವ ಸೌಲಭ್ಯ ಸೋತದ್ದು ತಂತ್ರ ಗೊತ್ತಿಲ್ಲದೆ ಅಲ್ಲ. ಅನ್ಯರ ಬಾಯಿ ಮುಚ್ಚಿಸಲು ಅದು ಬಳಕೆಯಾದದ್ದರಿಂದ. ಅದರ ಬೆಲೆ ತೆತ್ತವರಲ್ಲಿ ನಿರಪರಾಧಿಗಳೂ ಇದ್ದರು: 2001ರಲ್ಲಿ ಗೂಗಲ್ ಇಪ್ಪತ್ತು ವರ್ಷಗಳ ಯೂಸ್‌ನೆಟ್ ಸಂಗ್ರಹವನ್ನು ಹುಡುಕಾಟಕ್ಕೆ ತೆರೆದಾಗ, ಕೆಲವೇ ವಾರ ಬದುಕಬೇಕಿದ್ದ ಹರಟೆಯೂ ಹೆಸರಿನ ಸಮೇತ ಮೇಲೆದ್ದು ಬಂತು.

ಈಗ ಡಿಜಿಟಲ್ ಸಹಿ ಇದೆಯಲ್ಲ, ಹಳೆಯ ಭಯ ಏಕೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಮಾಸ್ಟೊಡಾನ್ ಬಳಸುವ, 2018ರಲ್ಲಿ ಅಂಗೀಕೃತವಾದ ಆ್ಯಕ್ಟಿವಿಟಿಪಬ್ ಎಂಬ ಸಂವಹನ ಮಾನದಂಡದಲ್ಲಿ ಡಿಲೀಟ್‌ಗೆ ಸ್ಪಷ್ಟ ವಿಧಾನವಿದೆ, ಸರ್ವರ್‌ಗಳು ಸಹಿಯನ್ನೂ ತಾಳೆ ನೋಡುತ್ತವೆ, ಬಹುಪಾಲು ಪೋಸ್ಟ್‌ಗಳು ನಿಜಕ್ಕೂ ಅಳಿಯುತ್ತವೆ. ಆದರೆ ಸಹಿಯಿಂದ ತಿಳಿಯುವುದು ಕೇಳಿದವರು ಯಾರು ಎಂಬುದಷ್ಟೇ. ಬಹುಕಾಲ ಕೆಟ್ಟು ನಿಂತ ಸರ್ವರ್‌ಗೆ, ನಡುವೆ ಸಂಪರ್ಕ ಕಡಿದುಕೊಂಡ ಸರ್ವರ್‌ಗೆ ಆ ಕೋರಿಕೆ ಮುಟ್ಟುವುದೇ ಇಲ್ಲ. ಮುಟ್ಟಿದರೂ ಒಲ್ಲೆನೆಂದವರನ್ನು ಮಣಿಸಲು ಮೇಲೊಬ್ಬ ಬೇಕು, ಅಂಥವನು ಬೇಡವೆಂದೇ ಈ ಜಾಲಗಳು ಹುಟ್ಟಿದ್ದು. ಇನ್ನು ಕಾನೂನು. ಯುರೋಪಿನ ದತ್ತಾಂಶ ಸಂರಕ್ಷಣಾ ಕಾಯ್ದೆಯ (ಜಿಡಿಪಿಆರ್) 17ನೇ ವಿಧಿ ಅಳಿಸುವ ಹಕ್ಕು ಕೊಡುತ್ತದೆ ನಿಜ, ಆದರೆ ಬಹಿರಂಗವಾಗಿಬಿಟ್ಟ ಮಾಹಿತಿಯ ವಿಷಯದಲ್ಲಿ ಪ್ರತಿಗಳಿರುವ ಇತರರಿಗೆ ಸುದ್ದಿ ಮುಟ್ಟಿಸಲು ಯುಕ್ತ ಪ್ರಯತ್ನ ಮಾಡಬೇಕೆಂದಷ್ಟೇ ಹೇಳುತ್ತದೆ. ಭಾರತದ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೂ ವ್ಯಕ್ತಿ ತಾನೇ ಸಾರ್ವಜನಿಕವಾಗಿ ಪ್ರಕಟಿಸಿಕೊಂಡ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ.