ವಾರಕ್ಕೊಂದು ದಿನದ ಗುಳಿಗೆ

ನಮ್ಮ ತಾವರಗೇರಾದಲ್ಲಿ ಅವ್ವನ ಬೆರಳುಗಳು ಸೊಟ್ಟಗಾದಾಗ ಎಲ್ಲರೂ ‘ವಾಯು’ ಎಂದರು. ರೊಟ್ಟಿ ಬಡಿಯುವುದು ನಿಂತೇಹೋಯಿತು. ದೇಹದ ರಕ್ಷಣಾ ವ್ಯವಸ್ಥೆಯೇ ಸ್ವಂತ ಕೀಲುಗಳ ಮೇಲೆ ಎರಗುವ ರುಮಟಾಯ್ಡ್ ಸಂಧಿವಾತವದು ಎಂದು ನಾನರಿತದ್ದು ಬಹು ತಡವಾಗಿ.

ಈ ವ್ಯಾಧಿಗೆ ತಜ್ಞರು ಇಂದು ಸಾಮಾನ್ಯವಾಗಿ ಮೊದಲು ಬರೆದುಕೊಡುವ ಮೆಥೊಟ್ರೆಕ್ಸೇಟ್ ರೂಪುಗೊಂಡದ್ದು ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ, ಭೀಮಾವರದಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಮುನ್ನಡೆಸಿದ ತಂಡದಿಂದ. ಅವರು 1948ರಲ್ಲಿ ತೀರಿಕೊಂಡರು. ಕ್ಯಾನ್ಸರಿಗೆ ಬಳಸುತ್ತಿದ್ದ ಆ ಮದ್ದನ್ನು ಸಂಧಿವಾತಕ್ಕೂ ಕೊಡಲು ಅಮೆರಿಕ ಅನುಮತಿಸಿದ್ದು 1988ರಲ್ಲಿ. ಅಷ್ಟರಲ್ಲಿ ಅವ್ವ ಇರಲಿಲ್ಲ. ಸೋಜಿಗವೆಂದರೆ, ಮದ್ದಿನ ಉಪದ್ರವ ತಗ್ಗಿಸಲು ಜೊತೆಗೆ ಕೊಡುವ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿದ್ದೂ ಅದೇ ತಂಡ!

ಬೆಂಗಳೂರಿನಲ್ಲಿ ಡಾ. ಎಸ್. ಚಂದ್ರಶೇಖರ ಸ್ಥಾಪಿಸಿದ ಚಾನ್‌ರೆ ಕೇಂದ್ರದಲ್ಲಿ ಇಂಥ ರೋಗಗಳ ಚಿಕಿತ್ಸೆಯೊಡನೆ ಸಂಶೋಧನೆಯೂ ನಡೆದಿದೆ.

ನನ್ನ ತಂಗಿಗೂ ಅದೇ ವ್ಯಾಧಿ. ಗುಳಿಗೆ ರವಿವಾರ ಮಾತ್ರ. ತಪ್ಪಿ ದಿನವೂ ನುಂಗಿದರೆ ಪ್ರಾಣಾಪಾಯ. ಆದ್ದರಿಂದ ಗೋಡೆಯ ಕ್ಯಾಲೆಂಡರಿನಲ್ಲಿ ನಾನೇ ಗುರುತು ಹಾಕುತ್ತೇನೆ. ಆಕೆ ಇನ್ನೂ ರೊಟ್ಟಿ ಬಡಿಯುತ್ತಾಳೆ.