ಒಬ್ಬಟ್ಟು ಬೇಡ ಅಂದವನ ಗೋಧಿ ಪುರಾಣ

ಜಯನಗರದಲ್ಲಿ ಅಕ್ಕನ (ದೊಡ್ಡಮ್ಮನ ಮಗಳು) ಮನೆಯ ಗೃಹಪ್ರವೇಶ. ಪಂಕ್ತಿಯಲ್ಲಿ ಕೂತಿದ್ದೆ. ದೊಡ್ಡಮ್ಮ ಒಬ್ಬಟ್ಟಿನ ತಟ್ಟೆ ಹಿಡಿದು ಬಂದರು.

"ಬೇಡ ದೊಡ್ಡಮ್ಮ, ನಾನು ಗೋಧಿ ತಿನ್ನೋ ಹಾಗಿಲ್ಲ."

"ಅಯ್ಯೋ, ಇದು ಗೋಧಿ ಅಲ್ವೋ, ಮೈದಾ!"

ಪಕ್ಕದೆಲೆಯ ಮಾವ ನಕ್ಕರು. "ಇದೆಲ್ಲ ಅಮೆರಿಕಾ ಕಾಯಿಲೆ ಕಣಮ್ಮ, ಸಾಫ್ಟ್‌ವೇರ್‌ನೋರಿಗೆ ಮಾತ್ರ ಬರೋದು."

ನನಗಿರುವುದು ಸೀಲಿಯಾಕ್. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಒಳಗೆ ಹೋದರೆ ದೇಹ ತನ್ನ ಸಣ್ಣ ಕರುಳಿನ ಮೇಲೆ ತಾನೇ ತಿರುಗಿ ಬೀಳುತ್ತದೆ. ತಿನ್ನದೇ ಇರುವುದೊಂದೇ ಮದ್ದು, ಅದೂ ಜೀವನಪೂರ್ತಿ. ಗೊತ್ತಾದ ಮೇಲೆ ಒಂದು ವರ್ಷ ಯಾವ ಸಮಾರಂಭಕ್ಕೂ ಹೋಗಿರಲಿಲ್ಲ. "ಆಫೀಸಲ್ಲಿ ರಿಲೀಸ್ ಇದೆ" ಅಂತ ಸುಳ್ಳು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ...

ಮಾವನ ಮಾತು ಮಾತ್ರ ತಲೆಯಲ್ಲಿ ಕೊರೆಯುತ್ತಲೇ ಇತ್ತು. ನಿಜವಾ ಅಂತ ಓದುತ್ತಾ ಹೋದೆ. 1888ರಲ್ಲೇ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಈ ಕಾಯಿಲೆಯ ಬಗ್ಗೆ ಬರೆದಿದ್ದರು, ಊಟದಿಂದಲೇ ಗುಣವಾಗಬೇಕು ಅಂತಲೂ ಹೇಳಿದ್ದರು. ಆದರೆ ಯಾವ ಊಟ? ಹಾಲೆಂಡಿನ ಮಕ್ಕಳ ಡಾಕ್ಟರು ವಿಲ್ಲೆಮ್ ಡಿಕೆಗೆ 1930ರ ದಶಕದಲ್ಲೇ ಗೋಧಿಯ ಮೇಲೆ ಗುಮಾನಿ ಇತ್ತು. 1944-45ರ ಚಳಿಗಾಲದಲ್ಲಿ ಜರ್ಮನ್ನರ ದಿಗ್ಬಂಧನದಿಂದ ಅಲ್ಲಿ ಬ್ರೆಡ್ಡಿಗೂ ತತ್ವಾರವಾಯಿತು. ಊರೆಲ್ಲ ಹಸಿವಿನಿಂದ ಸೊರಗುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರಂತೆ. ಬ್ರೆಡ್ಡು ವಾಪಸು ಬಂದಾಗ ಮತ್ತೆ ಹಾಸಿಗೆ ಹಿಡಿದರಂತೆ. 1950ರಲ್ಲಿ ಡಿಕೆ ತಮ್ಮ ಪ್ರಬಂಧದಲ್ಲಿ ಗೋಧಿಯೇ ಕಾರಣ ಎಂದು ತೋರಿಸಿದರು.

ಅದೇ ಯುದ್ಧದಲ್ಲಿ ನಮ್ಮ ಬೆಂಗಳೂರಿನ ಕತೆ ಏನು? 1942ರಲ್ಲಿ ಜಪಾನು ಬರ್ಮಾ ಹಿಡಿಯಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಇಡ್ಲಿಗೆ ಅಕ್ಕಿ ಸಾಲದೆ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ನವರು ಗೋಧಿ ರವೆ ಹಾಕಿ ನೋಡಿದರು, ಹಾಗೆ ಹುಟ್ಟಿದ್ದೇ ರವೆ ಇಡ್ಲಿ ಎಂದು ಅವರೇ ಹೇಳಿಕೊಳ್ಳುತ್ತಾರೆ. ನೋಡಿ, ಯುದ್ಧ ಒಂದೇ. ಅಲ್ಲಿ ಗೋಧಿ ಇಲ್ಲವಾಗಿ ನನ್ನ ಕಾಯಿಲೆಯ ಗುಟ್ಟು ಬಯಲಾಯಿತು. ಇಲ್ಲಿ ಅಕ್ಕಿ ಇಲ್ಲವಾಗಿ ಗೋಧಿ ಇಡ್ಲಿ ಪಾತ್ರೆಯೊಳಗೆ ಬಂದು ಕೂತಿತು!

ಆಮೇಲೆ ಬಂದದ್ದು ಪಿ.ಎಲ್. 480, ಅಮೆರಿಕದ 1954ರ ಕಾಯಿದೆ. 1960ರ ದಶಕದ ಬರಗಾಲದಲ್ಲಿ ಹಡಗುಗಟ್ಟಲೆ ಗೋಧಿ ಬಂತು. ಅಂದರೆ ಮಾವ ಹೇಳಿದ್ದು ಅರ್ಧ ನಿಜ. ಕಾಯಿಲೆ ಅಮೆರಿಕದ್ದಲ್ಲ, ಗೋಧಿ ಮಾತ್ರ ಅಲ್ಲಿಂದ ಬಂದಿತ್ತು :-)

ಉತ್ತರ ಕರ್ನಾಟಕದವರು ಬೈಯಬೇಡಿ, ನಿಮ್ಮ ಕಡೆ ಗೋಧಿ ಹಳೆಯದೇ. ನಾನು ಹೇಳುತ್ತಿರುವುದು ಹಳೇ ಮೈಸೂರಿನ ಕತೆ. ಅಜ್ಜಿಯನ್ನು ಕೇಳಿದೆ. "ದಿನಾ ಮುದ್ದೆ, ಅನ್ನ. ಗೋಧಿ ಏನಿದ್ರೂ ಹಬ್ಬಕ್ಕೆ, ಏಕಾದಶಿಗೆ. ಈ ಚಪಾತಿ ಕಲಿತಿದ್ದು ರೇಷನ್ನಲ್ಲಿ ಗೋಧಿ ಕೊಡೋಕೆ ಶುರು ಮಾಡಿದ ಮೇಲೆ" ಅಂದರು. ಹಬ್ಬಕ್ಕೆ ಬರುತ್ತಿದ್ದ ನೆಂಟ ಮನೆಯವನೇ ಆಗಿಬಿಟ್ಟ, ಅಷ್ಟೆ.

ಈಗ ನನಗೆ ಎಲೆ ಓದುವುದು ಅಭ್ಯಾಸವಾಗಿದೆ. ಕೋಸಂಬರಿ, ಪಲ್ಯ, ಅನ್ನ, ಮೊಸರು ಸರಿ. ಚಿರೋಟಿ, ಕೇಸರಿಬಾತು, ಶಾವಿಗೆ ಪಾಯಸ ಇಲ್ಲ. ಮೋಸ ಮಾಡುವುದು ಸಾರು! ಅಂಗಡಿಯ ಪುಡಿ ಇಂಗಿಗೆ ಬಹಳ ಸಲ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಹಾಗಾಗಿ ಮುಂಚೆಯೇ ಹೋಗಿ ಅಡುಗೆ ಭಟ್ಟರನ್ನು ಮಾತಾಡಿಸುತ್ತೇನೆ. ಒಗ್ಗರಣೆಗೆ ಮೊದಲೇ ಒಂದು ಪಾತ್ರೆಯಲ್ಲಿ ಬೇಳೆಕಟ್ಟು ತೆಗೆದಿಡುತ್ತಾರೆ. ಕೇಳೋಕೆ ನಾಚಿಕೆ ನನಗಿತ್ತೇ ಹೊರತು ಕೊಡೋಕೆ ಬೇಜಾರು ಅವರಿಗಿರಲಿಲ್ಲ.

ಕನಕದಾಸರ ರಾಮಧಾನ್ಯಚರಿತೆಯಲ್ಲಿ ಅಕ್ಕಿಗೂ ರಾಗಿಗೂ ಜಗಳವಾಗಿ ರಾಮ ರಾಗಿಯನ್ನು ಗೆಲ್ಲಿಸುತ್ತಾನೆ. ಆದರೂ ನಮ್ಮ ನೆಂಟರ ಸಮಾರಂಭಗಳ ಎಲೆಗೆ ರಾಗಿ ಬಂದಿರಲಿಲ್ಲ. ಕಳೆದ ತಿಂಗಳು ಬನಶಂಕರಿಯಲ್ಲಿ ಅಕ್ಕನ ಸೀಮಂತ. ಮಿಲ್ಲಿನಲ್ಲಿ ಗೋಧಿ ಹಿಟ್ಟು ಬೆರೆತೀತು ಅಂತ ಅಜ್ಜಿ ಮನೆಯಲ್ಲೇ ರಾಗಿ ನೆನೆಸಿ, ರುಬ್ಬಿಸಿ, ಹಾಲು ತೆಗೆಸಿ ಹಾಲುಬಾಯಿ ಮಾಡಿಸಿದ್ದರು. ದೊಡ್ಡಮ್ಮ ಅದನ್ನು ಮೊದಲು ನನ್ನ ಎಲೆಗೆ ಬಡಿಸಿ, "ಇದರಲ್ಲಿ ಮೈದಾನೂ ಇಲ್ಲ ಕಣೋ" ಅಂದರು.

ಮಾವ ಎರಡು ಸಲ ಹಾಕಿಸಿಕೊಂಡರು.