ಅಂಗಡಿಯ ಜಮಾ-ಖರ್ಚಿನಿಂದ ಗವರ್ನರ್ ಗದ್ದುಗೆಗೆ: ಸೌತ್ ಕ್ಯಾರೊಲಿನಾದ ನಿಕ್ಕಿ ಹೇಲಿ

ಅಟ್ಲಾಂಟಾದಿಂದ ಷಾರ್ಲೆಟ್ ಕಡೆಗೆ ಐ-85 ಹೆದ್ದಾರಿಯಲ್ಲಿ ಕಾರು ಓಡಿಸುವ ನಮ್ಮವರೆಲ್ಲ ದಾರಿಯಲ್ಲಿ ಕ್ಲೆಮ್ಸನ್ ಎಂಬ ಬೋರ್ಡನ್ನು ನೋಡಿಯೇ ಇರುತ್ತೀರಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ 1994ರಲ್ಲಿ ಅಕೌಂಟಿಂಗ್ ಪದವಿ ಪಡೆದ ಭಾರತೀಯ ಮೂಲದ ಹುಡುಗಿಯೊಬ್ಬಳು 2011ರ ಜನವರಿಯಲ್ಲಿ ಅದೇ ರಾಜ್ಯದ ಗವರ್ನರ್ ಆಗಿ ಪ್ರಮಾಣವಚನ ಸ್ವೀಕರಿಸಿದಳು. ಆಕೆಯೇ ನಿಕ್ಕಿ ಹೇಲಿ. ಕನ್ನಡತಿಯಲ್ಲ, ಪಂಜಾಬಿ ಸಿಖ್ ಮನೆಯ ಮಗಳು. ಆದರೂ ಈ ಪುಟದಲ್ಲಿ ಆಕೆಯ ಬಗ್ಗೆ ಬರೆಯಲು ಕಾರಣವಿದೆ. ನಮ್ಮ ಮಕ್ಕಳು ಇಂಜಿನಿಯರು, ಡಾಕ್ಟರು ಆಗುವ ದಾರಿ ನಮಗೆ ಬಾಯಿಪಾಠ. ಆದರೆ ಹೈಸ್ಕೂಲು ಓದುವ ಮಗ ಅಥವಾ ಮಗಳು ಬಂದು “ನಾನು ಚುನಾವಣೆಗೆ ನಿಲ್ಲಬೇಕು, ಎಲ್ಲಿಂದ ಶುರು ಮಾಡಲಿ?” ಎಂದರೆ ನಮ್ಮಲ್ಲಿ ಬಹುತೇಕರ ಹತ್ತಿರ ಉತ್ತರವಿಲ್ಲ.

ಮನೆಯಲ್ಲೇ ಹುಟ್ಟಿದ ಅಂಗಡಿ

ನಿಮ್ರತಾ ನಿಕ್ಕಿ ರಂಧಾವಾ ಹುಟ್ಟಿದ್ದು 1972ರ ಜನವರಿ 20ರಂದು, ಬ್ಯಾಂಬರ್ಗ್ ಎಂಬ ಕೆಲವೇ ಸಾವಿರ ಜನರ ಊರಿನಲ್ಲಿ. ತಂದೆ ಅಜಿತ್ ಸಿಂಗ್ ರಂಧಾವಾ ಪಂಜಾಬ್ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ಕೆನಡಾದಲ್ಲಿ ಪಿಎಚ್.ಡಿ. ಮುಗಿಸಿ, 1969ರಲ್ಲಿ ಪಕ್ಕದ ಡೆನ್‌ಮಾರ್ಕ್ ಪಟ್ಟಣದ ವೂರ್ಹೀಸ್ ಕಾಲೇಜಿಗೆ ಪಾಠ ಹೇಳಲು ಬಂದರು. ಅದು ಕಪ್ಪು ಜನರಿಗಾಗಿ ಕಟ್ಟಿದ ಕಾಲೇಜು. ತಾಯಿ ರಾಜ್ ಕೌರ್ ಶಾಲಾ ಶಿಕ್ಷಕಿ. ಆಕೆ 1976ರಲ್ಲಿ ಮನೆಯಲ್ಲೇ ಬಟ್ಟೆಬರೆ, ಉಡುಗೊರೆ ಸಾಮಾನುಗಳ ವ್ಯಾಪಾರ ಶುರು ಮಾಡಿದರು. ಹೆಸರು ಎಕ್ಸೋಟಿಕಾ ಇಂಟರ್‌ನ್ಯಾಷನಲ್.

ಊರಿನಲ್ಲಿ ಇದ್ದದ್ದು ಬಿಳಿಯರು ಮತ್ತು ಕಪ್ಪು ಜನರು. ಇವರದೊಂದೇ ಈ ಎರಡಕ್ಕೂ ಸೇರದ ಮನೆ. ನಿಕ್ಕಿಗೆ ಐದು ವರ್ಷವಿದ್ದಾಗ ಅಲ್ಲಿನ ಪುಟಾಣಿ ಸುಂದರಿ ಸ್ಪರ್ಧೆಗೆ ಹೆಸರು ಕೊಟ್ಟರಂತೆ. ಅಲ್ಲಿ ಬಿಳಿಯರಿಗೊಂದು ಕಿರೀಟ, ಕಪ್ಪು ಮಕ್ಕಳಿಗೊಂದು ಕಿರೀಟ. ಈ ಹುಡುಗಿಯನ್ನು ಯಾವ ಸಾಲಿನಲ್ಲಿ ನಿಲ್ಲಿಸುವುದು ಎಂದು ತೀರ್ಪುಗಾರರಿಗೆ ತೋಚದೆ ಸ್ಪರ್ಧೆಯಿಂದಲೇ ಕೈಬಿಟ್ಟು, ಸಮಾಧಾನಕ್ಕೆ ಒಂದು ಬೀಚ್ ಬಾಲ್ ಕೊಟ್ಟು ಕಳಿಸಿದರು. ಈ ಕಥೆಯನ್ನು ಹೇಲಿ ಅವರೇ ಹೇಳಿಕೊಂಡಿದ್ದಾರೆ.

ಹದಿಮೂರು ವರ್ಷದ ಹೊತ್ತಿಗೆ ಅಂಗಡಿಯ ಲೆಕ್ಕ ಬರೆಯುವ ಕೆಲಸ ಅವರ ಪಾಲಿಗೆ ಬಂದಿತ್ತು. ಹುಬ್ಬಳ್ಳಿಯ ಪೇಟೆಯಲ್ಲೋ ಚಿಕ್ಕಪೇಟೆಯಲ್ಲೋ ಗಲ್ಲೆಯ ಪಕ್ಕ ಕೂತು ಬೆಳೆದ ಮಕ್ಕಳಿಗೆ ಇದು ಹೊಸ ವಿಷಯವೇನಲ್ಲ. ಪದವಿಯ ನಂತರ ಕೆಲ ಕಾಲ ಷಾರ್ಲೆಟ್‌ನ ಒಂದು ತ್ಯಾಜ್ಯ ಮರುಬಳಕೆ ಕಂಪನಿಯಲ್ಲಿ ದುಡಿದು, ಮತ್ತೆ ಅಂಗಡಿಗೇ ಮರಳಿ ಹಣಕಾಸಿನ ಹೊಣೆ ಹೊತ್ತರು. 1996ರಲ್ಲಿ ಮೈಕೆಲ್ ಹೇಲಿ ಜತೆ ಮದುವೆ, ಸಿಖ್ ಮತ್ತು ಮೆಥಡಿಸ್ಟ್ ಎರಡೂ ವಿಧಿಯಲ್ಲಿ. ಮರು ವರ್ಷ ಕ್ರೈಸ್ತ ಧರ್ಮಕ್ಕೆ ಸೇರಿದರು.

ನಮ್ಮ ಮಕ್ಕಳ ಪ್ರಶ್ನೆಗೆ ಉತ್ತರ ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಹೇಲಿ ಶುರು ಮಾಡಿದ್ದು ಭಾರತೀಯರ ಸಂಘದಿಂದಲ್ಲ. ಸೌತ್ ಕ್ಯಾರೊಲಿನಾದಲ್ಲಿ ಭಾರತೀಯರ ಮತದಿಂದ ಯಾರೂ ಗೆಲ್ಲಲಾರರು, ಸಂಖ್ಯೆ ಅಷ್ಟು ಕಮ್ಮಿ. ಅವರು ಹೋದದ್ದು ಊರಿನ ವ್ಯಾಪಾರಿಗಳ ಸಂಘಕ್ಕೆ: 1998ರಲ್ಲಿ ಆರೆಂಜ್‌ಬರ್ಗ್ ಚೇಂಬರ್ ಆಫ್ ಕಾಮರ್ಸ್ ಮಂಡಳಿ, 2003ರಲ್ಲಿ ಲೆಕ್ಸಿಂಗ್ಟನ್ ಚೇಂಬರ್, 2004ರಲ್ಲಿ ಮಹಿಳಾ ಉದ್ಯಮಿಗಳ ರಾಷ್ಟ್ರೀಯ ಸಂಘದ ಅಧ್ಯಕ್ಷಗಿರಿ. ಅಲ್ಲಿ ಸಿಕ್ಕ ಪರಿಚಯವೇ ಚುನಾವಣೆಗೆ ಬಂಡವಾಳವಾಯಿತು.

ಮೊದಲ ಗೆಲುವು, ಮೊದಲ ಪೆಟ್ಟು

2004ರಲ್ಲಿ ರಾಜ್ಯದ ಕೆಳಮನೆಗೆ, ಅಂದರೆ ನಮ್ಮ ವಿಧಾನಸಭೆಗೆ ಸಮನಾದ ಹೌಸ್‌ಗೆ, ಲೆಕ್ಸಿಂಗ್ಟನ್ ಕೌಂಟಿಯ 87ನೇ ಕ್ಷೇತ್ರದಿಂದ ರಿಪಬ್ಲಿಕನ್ ಪ್ರೈಮರಿಗೆ ನಿಂತರು. ಎದುರಾಳಿ ಲ್ಯಾರಿ ಕೂನ್, ಆ ಮನೆಯಲ್ಲಿ ಎಲ್ಲರಿಗಿಂತ ಹಳಬರು. ಮೊದಲ ಸುತ್ತಿನಲ್ಲಿ ಕೂನ್ ಸ್ವಲ್ಪ ಮುಂದಿದ್ದರು, ಆದರೆ ಅರ್ಧದಷ್ಟು ಮತ ಯಾರಿಗೂ ಬರಲಿಲ್ಲ. ರನ್‌ಆಫ್‌ನಲ್ಲಿ ಹೇಲಿ ಶೇ. 55 ಮತ ಪಡೆದು ಗೆದ್ದರು. ನವೆಂಬರಿನಲ್ಲಿ ಎದುರಾಳಿಯೇ ಇರಲಿಲ್ಲ.

ಮನೆಯೊಳಗೆ ಅವರು ಹಿಡಿದ ಹಠ ಒಂದೇ: ಲೆಕ್ಕ ಕಾಣಬೇಕು. ಅಲ್ಲಿ ಬಹಳಷ್ಟು ಮಸೂದೆಗಳು ಧ್ವನಿಮತದಲ್ಲಿ ಪಾಸಾಗುತ್ತಿದ್ದವು; ಯಾವ ಶಾಸಕ ಹೌದು ಅಂದ, ಯಾರು ಇಲ್ಲ ಅಂದರು ಎಂಬುದಕ್ಕೆ ದಾಖಲೆಯೇ ಇರುತ್ತಿರಲಿಲ್ಲ. ಪ್ರತಿಯೊಬ್ಬರ ಮತವೂ ದಾಖಲಾಗಬೇಕೆಂದು ಹೇಲಿ ಮತ್ತು ಸಹ ಶಾಸಕ ನೇಥನ್ ಬ್ಯಾಲೆಂಟೈನ್ ಪಟ್ಟು ಹಿಡಿದರು. ಸ್ವಂತ ಪಕ್ಷದ ಮುಖಂಡರೇ ಸಿಟ್ಟಾಗಿ ಹೇಲಿ ಅವರನ್ನು ವಾಣಿಜ್ಯ ಸಮಿತಿಯಿಂದ ತೆಗೆದುಹಾಕಿದರು. ಆ ಮಸೂದೆಗೆ ಅವರೇ ಗವರ್ನರ್ ಆಗಿ 2011ರಲ್ಲಿ ಸಹಿ ಹಾಕಿದರು. ಅವರ ರಾಜಕೀಯವನ್ನು ಒಪ್ಪದವರೂ ಮೆಚ್ಚಬೇಕಾದ ಕೆಲಸ ಇದು ಎಂದು ನನ್ನ ಅಭಿಪ್ರಾಯ.

2010ರ ಗವರ್ನರ್ ಪ್ರೈಮರಿಯಲ್ಲಿ ಲೆಫ್ಟಿನೆಂಟ್ ಗವರ್ನರ್, ಅಟಾರ್ನಿ ಜನರಲ್, ಒಬ್ಬ ಸಂಸದ ಎದುರಿಗಿದ್ದರು. ಜೂನ್ ತಿಂಗಳಲ್ಲಿ ಅದೇ ಪಕ್ಷದ ರಾಜ್ಯ ಸೆನೆಟರ್ ಜೇಕ್ ನಾಟ್ಸ್, ಪೇಟ ಕಟ್ಟುವವರನ್ನು ಹೀಯಾಳಿಸುವ ಪದವೊಂದನ್ನು ಹೇಲಿ ಮತ್ತು ಒಬಾಮಾ ಇಬ್ಬರಿಗೂ ಬಳಸಿದರು. ಮತದಾರರು ಜಗ್ಗಲಿಲ್ಲ. ರನ್‌ಆಫ್‌ನಲ್ಲಿ ಹೇಲಿ ಶೇ. 65, ನವೆಂಬರಿನಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ವಿನ್ಸೆಂಟ್ ಷಹೀನ್ ವಿರುದ್ಧ ಶೇ. 51. ಆ ರಾಜ್ಯದ ಮೊದಲ ಮಹಿಳಾ ಗವರ್ನರ್ ಅವರು. ಲೂಸಿಯಾನಾದ ಬಾಬಿ ಜಿಂದಾಲ್ ಬಿಟ್ಟರೆ ಭಾರತೀಯ ಮೂಲದ ಎರಡನೆಯ ಗವರ್ನರ್. ಆದರೆ ಪ್ರಚಾರದುದ್ದಕ್ಕೂ ಅಕೌಂಟೆಂಟ್ ಎಂದು ಹೇಳಿಕೊಂಡವರು ಸ್ವಂತ ತೆರಿಗೆಯನ್ನು ತಡವಾಗಿ ಕಟ್ಟಿ ದಂಡ ತೆತ್ತಿದ್ದು ಆ ವರ್ಷವೇ ಪತ್ರಿಕೆಗಳಲ್ಲಿ ಬಂತು. 2001ರ ಮತದಾರ ನೋಂದಣಿಯಲ್ಲಿ ಜನಾಂಗ ಎಂಬಲ್ಲಿ “ಬಿಳಿ” ಎಂದು ಬರೆದಿದ್ದರೆಂಬುದು ಮರು ವರ್ಷ ಸುದ್ದಿಯಾಯಿತು. ಬೀಚ್ ಬಾಲ್ ಕಥೆಯ ಪಕ್ಕದಲ್ಲಿಟ್ಟು ಇದನ್ನು ಓದಿದರೆ ಬೇಸರವೂ ಆಗುತ್ತದೆ, ಅರ್ಥವೂ ಆಗುತ್ತದೆ.

ಕದ್ದುಹೋದ ಲೆಕ್ಕ

ನನ್ನಂಥ ಸಾಫ್ಟ್‌ವೇರ್ ಮಂದಿಗೆ ಹೇಲಿ ಆಡಳಿತದ ಮರೆಯಲಾಗದ ಅಧ್ಯಾಯ 2012ರದ್ದು. ಆಗಸ್ಟ್‌ನಲ್ಲಿ ರಾಜ್ಯದ ಕಂದಾಯ ಇಲಾಖೆಯ ನೌಕರರಿಗೆ ಮೋಸದ ಇಮೇಲ್ ಬಂತು. ಯಾರೋ ಒಬ್ಬರು ಅದರ ಲಿಂಕ್ ಒತ್ತಿದರು. ಕಳ್ಳರಿಗೆ ಪಾಸ್‌ವರ್ಡ್ ಸಿಕ್ಕಿತು. ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಡೇಟಾಬೇಸ್‌ಗಳನ್ನೇ ಹೊತ್ತೊಯ್ದರು. ಇಲಾಖೆಗೆ ಸುಳಿವೇ ಇಲ್ಲ. ಅಕ್ಟೋಬರ್ 10ರಂದು ಸೀಕ್ರೆಟ್ ಸರ್ವಿಸ್‌ನವರು ಹೇಳಿದ ಮೇಲೆ ತಿಳಿಯಿತು, ಜನರಿಗೆ ಗೊತ್ತಾದದ್ದು 26ಕ್ಕೆ. ಸುಮಾರು 36 ಲಕ್ಷ ಸೋಷಿಯಲ್ ಸೆಕ್ಯುರಿಟಿ ನಂಬರ್‌ಗಳು, 3,87,000 ಕ್ರೆಡಿಟ್ ಮತ್ತು ಡೆಬಿಟ್ ಕಾರ್ಡ್ ನಂಬರ್‌ಗಳು. 1998ರ ನಂತರ ಆ ರಾಜ್ಯದಲ್ಲಿ ತೆರಿಗೆ ರಿಟರ್ನ್ ಸಲ್ಲಿಸಿದವರೆಲ್ಲ ಎಚ್ಚರವಹಿಸಿ ಎಂದು ಸರ್ಕಾರ ಹೇಳಿತು. ಕೆಲಸಕ್ಕೆಂದು ಗ್ರೀನ್‌ವಿಲ್, ಕೊಲಂಬಿಯಾದಲ್ಲಿ ಒಂದೆರಡು ವರ್ಷ ಇದ್ದು ಬೇರೆಡೆ ಹೋದವರಿಗೂ ಈ ಮಾತು ಅನ್ವಯಿಸುತ್ತಿತ್ತು.

ಸೋಷಿಯಲ್ ಸೆಕ್ಯುರಿಟಿ ನಂಬರ್‌ಗಳನ್ನು ಎನ್‌ಕ್ರಿಪ್ಟ್ ಮಾಡಿರಲಿಲ್ಲ. ಅದು ಉದ್ಯಮದ ರೂಢಿಯೇ ಅಲ್ಲ ಎಂದು ಹೇಲಿ ಮೊದಲು ಸಮರ್ಥಿಸಿಕೊಂಡರು. ಫೆಡರಲ್ ತೆರಿಗೆ ಇಲಾಖೆಯ ನಿಯಮದಲ್ಲಿ ಅದು ಕಡ್ಡಾಯವಿಲ್ಲವೆಂದೂ ಬೆರಳು ತೋರಿಸಿದರು. ತನಿಖಾ ವರದಿ ಬಂದ ಮೇಲೆ ಇನ್ನೂ ಹೆಚ್ಚು ಮಾಡಬಹುದಿತ್ತೆಂದು ಒಪ್ಪಿದರು. ಇಲಾಖೆಯ ಮುಖ್ಯಸ್ಥ ಜಿಮ್ ಎಟರ್ ರಾಜೀನಾಮೆ ಕೊಟ್ಟರು. ನಿಯಮದಲ್ಲಿ ಇಲ್ಲ ಎಂಬುದು ನಮ್ಮ ವೃತ್ತಿಯಲ್ಲೂ ದಿನಾ ಕೇಳುವ ಉತ್ತರ. ಗಲ್ಲೆಗೆ ಬೀಗ ಹಾಕಿ ಎಂದು ಯಾವ ಅಂಗಡಿಯವನಿಗೂ ಸರ್ಕಾರ ನಿಯಮ ಮಾಡಿ ಹೇಳಬೇಕಾಗಿಲ್ಲ.

ಉದ್ಯೋಗದ ವಿಷಯದಲ್ಲಿ ಅವರದು ಅಪ್ಪಟ ಅಂಗಡಿಯವರ ನೋಟ. ನಾರ್ತ್ ಚಾರ್ಲ್ಸ್‌ಟನ್‌ನಲ್ಲಿ ಬೋಯಿಂಗ್ ಕಾರ್ಖಾನೆ ಬೆಳೆಯಿತು, 2015ರಲ್ಲಿ ವೋಲ್ವೊ ಬರುವುದೆಂದು ತೀರ್ಮಾನವಾಯಿತು. ಕಾರ್ಮಿಕ ಸಂಘಗಳಿರುವ ಕಂಪನಿಗಳು ಬೇಡವೆಂದು ಬಹಿರಂಗವಾಗಿಯೇ ಹೇಳಿದರು. ಬಡವರ ವೈದ್ಯಕೀಯ ವಿಮೆಯಾದ ಮೆಡಿಕೇಡ್ ವಿಸ್ತರಣೆಯನ್ನು ಒಪ್ಪಲಿಲ್ಲ. 2014ರಲ್ಲಿ ಷಹೀನ್ ವಿರುದ್ಧ ಮತ್ತೆ ಗೆದ್ದರು, ಈ ಸಲ ಶೇ. 56. ಅದೇ ನವೆಂಬರಿನಲ್ಲಿ ಭಾರತಕ್ಕೆ ಬಂದು ಅಮೃತಸರದ ಸ್ವರ್ಣಮಂದಿರಕ್ಕೂ ಹೋಗಿದ್ದರು.

ಕೆಳಗಿಳಿದ ಬಾವುಟ

ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಲು ಹೊಡೆದಾಡಿದ ದಕ್ಷಿಣದ ರಾಜ್ಯಗಳ ಬಾವುಟ ಕೊಲಂಬಿಯಾದ ಶಾಸನಸಭೆಯ ಆವರಣದಲ್ಲಿ ಹಾರುತ್ತಿತ್ತು. 2014ರ ಚುನಾವಣಾ ಚರ್ಚೆಯಲ್ಲಿ ಅದರ ಬಗ್ಗೆ ಕೇಳಿದಾಗ, ಒಬ್ಬ ಕಂಪನಿ ಮುಖ್ಯಸ್ಥರೂ ತಮ್ಮ ಹತ್ತಿರ ಈ ಮಾತೆತ್ತಿಲ್ಲ ಎಂದು ಹೇಲಿ ಉತ್ತರಿಸಿದ್ದರು. ಗಿರಾಕಿ ದೂರಿಲ್ಲವೆಂದರೆ ತೊಂದರೆ ಇಲ್ಲ ಎಂಬ ಲೆಕ್ಕ.

2015ರ ಜೂನ್ 17ರ ರಾತ್ರಿ ಚಾರ್ಲ್ಸ್‌ಟನ್‌ನ ಇಮ್ಯಾನ್ಯುಯೆಲ್ ಚರ್ಚಿನಲ್ಲಿ ಬೈಬಲ್ ಓದುತ್ತಿದ್ದ ಒಂಬತ್ತು ಕಪ್ಪು ಜನರನ್ನು ಬಿಳಿಯ ಯುವಕನೊಬ್ಬ ಗುಂಡಿಟ್ಟು ಕೊಂದ. ಸತ್ತವರಲ್ಲಿ ರಾಜ್ಯ ಸೆನೆಟರ್ ಕ್ಲೆಮೆಂಟಾ ಪಿಂಕ್ನಿ ಒಬ್ಬರು. ಆ ಬಾವುಟ ಹಿಡಿದ ಕೊಲೆಗಾರನ ಫೋಟೋಗಳು ಹೊರಬಂದವು. ಜೂನ್ 22ರಂದು ಎರಡೂ ಪಕ್ಷಗಳವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಲಿ ಬಾವುಟ ಇಳಿಸಿ ಎಂದರು. 2000ದ ಕಾನೂನಿನ ಪ್ರಕಾರ ಅದಕ್ಕೆ ಎರಡೂ ಮನೆಗಳಲ್ಲಿ ಮೂರನೇ ಎರಡರಷ್ಟು ಮತ ಬೇಕಿತ್ತು. ಕೆಳಮನೆಯಲ್ಲಿ ಚರ್ಚೆ ಮುಗಿದಾಗ ಮಧ್ಯರಾತ್ರಿ ದಾಟಿತ್ತು: ಪರವಾಗಿ 94, ವಿರುದ್ಧ 20. ಜುಲೈ 9ಕ್ಕೆ ಸಹಿ, 10ರ ಬೆಳಿಗ್ಗೆ ಬಾವುಟ ಇಳಿಯಿತು.

ಅದೇ ಹೇಲಿ 2023ರ ಡಿಸೆಂಬರಿನಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಸಭೆಯಲ್ಲಿ ಅಂತರ್ಯುದ್ಧಕ್ಕೆ ಕಾರಣವೇನೆಂದು ಕೇಳಿದಾಗ ಗುಲಾಮಗಿರಿ ಎಂಬ ಪದವನ್ನೇ ಎತ್ತಲಿಲ್ಲ. ಮರುದಿನ ತಿದ್ದಿಕೊಂಡರು.

2017ರ ಜನವರಿಯಲ್ಲಿ ಗವರ್ನರ್ ಹುದ್ದೆ ಬಿಟ್ಟು ವಿಶ್ವಸಂಸ್ಥೆಗೆ ಅಮೆರಿಕದ ರಾಯಭಾರಿಯಾದರು. ಸೆನೆಟ್‌ನಲ್ಲಿ 96 ಮತ ಪರವಾಗಿ, 4 ವಿರುದ್ಧ. ಬಿಟ್ಟುಹೋದ ಕುರ್ಚಿಗೆ ಬಂದವರು ಹೆನ್ರಿ ಮೆಕ್‌ಮಾಸ್ಟರ್, 2010ರ ಪ್ರೈಮರಿಯಲ್ಲಿ ಸೋತಿದ್ದ ಅಟಾರ್ನಿ ಜನರಲ್.

ವಾಷಿಂಗ್ಟನ್ ಸುತ್ತಮುತ್ತಲಿನ ಓದುಗರಿಗೆ ಹತ್ತಿರದ ಉದಾಹರಣೆಗಳು ಬೇರೆ ಬಗೆಯವು. ಮೇರಿಲ್ಯಾಂಡ್‌ನ ಕುಮಾರ್ ಬರ್ವೆ 1990ರಲ್ಲೇ ರಾಜ್ಯ ಶಾಸನಸಭೆಗೆ ಗೆದ್ದವರು. ಅಲ್ಲಿ 2023ರಲ್ಲಿ ಲೆಫ್ಟಿನೆಂಟ್ ಗವರ್ನರ್ ಆದ ಅರುಣಾ ಮಿಲ್ಲರ್ ಸಿವಿಲ್ ಇಂಜಿನಿಯರ್. ವರ್ಜೀನಿಯಾದಲ್ಲಿ, ಮನೆಯವರಿಗೆ ಬೆಂಗಳೂರಿನ ನಂಟಿರುವ ಸುಹಾಸ್ ಸುಬ್ರಹ್ಮಣ್ಯಂ ಕೆಳಮನೆ, ರಾಜ್ಯ ಸೆನೆಟ್ ದಾಟಿ 2025ರ ಜನವರಿಯಲ್ಲಿ ಸಂಸತ್ತಿಗೆ ಕಾಲಿಟ್ಟರು. ಇವರ ಪಕ್ಷ ಡೆಮಾಕ್ರಟಿಕ್, ಮತದಾರರಲ್ಲಿ ನಮ್ಮವರೂ ಸಾಕಷ್ಟಿದ್ದಾರೆ. ಹೇಲಿಗೆ ಆ ಅನುಕೂಲ ಇರಲಿಲ್ಲ.

ಎಕ್ಸೋಟಿಕಾ ಅಂಗಡಿ 2008ರಲ್ಲಿ, ತಂದೆತಾಯಿ ವಿಶ್ರಾಂತಿಗೆ ಸರಿದಾಗ ಮುಚ್ಚಿತು. 2024ರ ಫೆಬ್ರವರಿ 24ರಂದು ಅಧ್ಯಕ್ಷ ಸ್ಥಾನದ ಪ್ರೈಮರಿಯಲ್ಲಿ ಅವರನ್ನು ಎರಡು ಸಲ ಗವರ್ನರ್ ಮಾಡಿದ್ದ ರಾಜ್ಯವೇ ಕೈಬಿಟ್ಟಿತು: ಟ್ರಂಪ್‌ಗೆ ಸುಮಾರು ಶೇ. 60, ಹೇಲಿಗೆ ಶೇ. 40. ಒಂದು ವಾರದ ನಂತರ ವಾಷಿಂಗ್ಟನ್ ಡಿ.ಸಿ.ಯಲ್ಲಿ ಗೆದ್ದರು, ರಿಪಬ್ಲಿಕನ್ ಅಧ್ಯಕ್ಷೀಯ ಪ್ರೈಮರಿಯೊಂದನ್ನು ಮಹಿಳೆ ಗೆದ್ದದ್ದು ಅದೇ ಮೊದಲು. ಮತ ಹಾಕಿದವರು ಎರಡು ಸಾವಿರದಷ್ಟು ಜನ. ಎರಡು ದಿನ ಬಿಟ್ಟು ವರ್ಮಾಂಟ್ ಒಂದೇ ಕೈಗೆ ಬಂತು, ಮಾರ್ಚ್ 6ರಂದು ಪ್ರಚಾರ ನಿಲ್ಲಿಸಿದರು.